ದುಡ್ಡು ಕೈಗೆ ಬರೋದು ಯಾವಾಗ?

2023ರ ಡಿಸೆಂಬರ್‌ನಲ್ಲಿ ಅಮ್ಮ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿದ್ದಳು. ಒಂದು ಶನಿವಾರ ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಮಗ ಫೋನ್ ಹಿಡಿದು ಮೆಟ್ಟಿಲಿಳಿದು ಓಡಿ ಬಂದ. "ಅಮ್ಮಾ, ಓಟಾನಿ ಡಾಡ್ಜರ್ಸ್‌ಗೆ ಹೋದ! 700 ಮಿಲಿಯನ್!"

ನಾನು ಸೌಟು ಕೆಳಗಿಟ್ಟೆ. ಬೇಸ್‌ಬಾಲ್ ಆಟಗಾರ ಶೋಹೇ ಓಟಾನಿ ಯಾವ ಟೀಮಿಗೆ ಹೋಗುತ್ತಾನೆ ಅಂತ ನಮ್ಮ ಮನೆಯಲ್ಲಿ ಎರಡು ವಾರದಿಂದ ಅದೇ ಮಾತು. ಬ್ಯಾಟಿಂಗೂ ಮಾಡಿ, ಪಿಚಿಂಗೂ (ಕ್ರಿಕೆಟ್ಟಿನ ಬೌಲಿಂಗ್ ಥರ) ಮಾಡಿ, ಎರಡರಲ್ಲೂ ಮೇಲಿನ ಸಾಲಿನಲ್ಲಿ ನಿಲ್ಲುವ ಆಟಗಾರ ನೂರು ವರ್ಷದಲ್ಲಿ ಇನ್ನೊಬ್ಬ ಸಿಕ್ಕಿರಲಿಲ್ಲ. ನಮ್ಮ ಲೆಕ್ಕದಲ್ಲಿ ಆ ಮೊತ್ತ ಸುಮಾರು 5,800 ಕೋಟಿ ರೂಪಾಯಿ. ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ವರ್ಷಕ್ಕೆ ಪುಟ್ಟ?"

"ಹತ್ತು ವರ್ಷಕ್ಕೆ ಅಜ್ಜಿ."

"ಸರಿ. ದುಡ್ಡು ಕೈಗೆ ಬರೋದು ಯಾವಾಗಂತೆ?"

ಮಗ ಫೋನ್ ನೋಡಿದ. ನಾನೂ ನೋಡಿದೆ. ಅವತ್ತಿನ ಯಾವ ಸುದ್ದಿಯಲ್ಲೂ ನಮಗೆ ಅದಕ್ಕೆ ಉತ್ತರ ಕಾಣಲಿಲ್ಲ. ಎಲ್ಲ ಕಡೆ ಒಂದೇ ತಲೆಬರಹ: ಆಟದ ಇತಿಹಾಸದಲ್ಲೇ ದೊಡ್ಡ ಒಪ್ಪಂದ. ಎರಡು ದಿನ ಕಳೆದ ಮೇಲೆ ಗೊತ್ತಾಯಿತು. ಆ 700ರಲ್ಲಿ 680 ಮಿಲಿಯನ್ ಡಾಲರ್ ಆಮೇಲೆ ಕೊಡುವ ದುಡ್ಡು. ಆಡುವ ಹತ್ತು ವರ್ಷ ಅವನ ಕೈಗೆ ಸಿಗುವುದು ವರ್ಷಕ್ಕೆ 2 ಮಿಲಿಯನ್. ಉಳಿದದ್ದು 2034ರಿಂದ 2043ರವರೆಗೆ, ವರ್ಷಕ್ಕೆ 68 ಮಿಲಿಯನ್‌ನಂತೆ. ಬಡ್ಡಿ ಇಲ್ಲ.

ಅಮ್ಮ ಬೇಸ್‌ಬಾಲ್ ನೋಡಿದವಳಲ್ಲ. ಆದರೆ ಮೂವತ್ತು ವರ್ಷ ಚೀಟಿ ಹಾಕಿದವಳು.

ಚೀಟಿ ಗೊತ್ತಿರುವವರಿಗೆ ಈ ಒಪ್ಪಂದ ಅರ್ಥವಾಗಲು ಕಷ್ಟವೇ ಇಲ್ಲ. ತುಮಕೂರಿನಲ್ಲಿ ನಮ್ಮ ಬೀದಿಯಲ್ಲಿ ಲಕ್ಷದ ಚೀಟಿ ನಡೆಯುತ್ತಿತ್ತು. ಇಪ್ಪತ್ತು ಜನ, ತಲೆಗೆ ಐದು ಸಾವಿರ, ಇಪ್ಪತ್ತು ತಿಂಗಳು. ತಿಂಗಳ ಮೊದಲ ಭಾನುವಾರ ಸಂಜೆ ಒಬ್ಬರ ಮನೆ ಜಗುಲಿಯಲ್ಲಿ ಎಲ್ಲರೂ ಸೇರಿ ಚೀಟಿ ಕೂಗುತ್ತಿದ್ದರು. ಮಗಳ ಮದುವೆ ಇದ್ದವರು, ಮನೆಗೆ ತಾರಸಿ ಹಾಕಿಸಬೇಕಾದವರು ಮೊದಲ ತಿಂಗಳೇ "ಇಪ್ಪತ್ತೆಂಟು ಸಾವಿರ ಬಿಡ್ತೀನಿ" ಅಂತ ಕೂಗಿ ಎಪ್ಪತ್ತೆರಡು ಸಾವಿರ ಎತ್ತಿಕೊಂಡು ಹೋಗುತ್ತಿದ್ದರು. ಕೊನೆಯ ತಿಂಗಳವರೆಗೆ ಕಾದವರಿಗೆ ಪೂರ್ತಿ ಲಕ್ಷ. ಹೆಸರು ಮಾತ್ರ ಎಲ್ಲರಿಗೂ ಲಕ್ಷದ ಚೀಟಿಯೇ. ಅಮ್ಮನ ಹತ್ತಿರ ಒಂದು ಹಳೇ ಎಲ್‌ಐಸಿ ಡೈರಿ ಇತ್ತು. ಅದರಲ್ಲಿ ಪ್ರತಿ ತಿಂಗಳ ಎದುರಿಗೂ ಎರಡು ಅಂಕಿ ಬರೆದಿರುತ್ತಿದ್ದಳು: ಚೀಟಿ ಎಷ್ಟರದ್ದು, ಕೈಗೆ ಬಂದದ್ದು ಎಷ್ಟು. ಆ ಎರಡನ್ನೂ ಒಂದೇ ಅಂದುಕೊಂಡವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ.

ಬೇಸ್‌ಬಾಲ್ ಬರೆಯುವವರು ಅಂದುಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ.

ಓಟಾನಿಯ ಲೆಕ್ಕವನ್ನೇ ಮಾಡಿ ನೋಡಿ. ಇವತ್ತು 44 ಮಿಲಿಯನ್ ಇಟ್ಟು, ವರ್ಷಕ್ಕೆ ಶೇ. 4.43ರ ಬಡ್ಡಿಯಲ್ಲಿ ಬೆಳೆಸಿದರೆ ಹತ್ತು ವರ್ಷಕ್ಕೆ 68 ಆಗುತ್ತದೆ. ಆ 4.43 ನಾನು ಸುಮ್ನೆ ಆರಿಸಿದ ಅಂಕಿಯಲ್ಲ. ಈ ಆಟ ನಡೆಸುವ ಮೇಜರ್ ಲೀಗ್‌ನವರೇ ಆ ಒಪ್ಪಂದಕ್ಕೆ ಹಿಡಿದ ದರ. ಅಂದರೆ ಓಟಾನಿಯ ಒಂದು ವರ್ಷದ ಆಟಕ್ಕೆ ಬೆಲೆ 44, ಅದರ ಮೇಲೆ ಕೈಗೆ ಕೊಡುವ 2, ಒಟ್ಟು 46 ಮಿಲಿಯನ್. ಹತ್ತು ವರ್ಷಕ್ಕೆ 460. ಆಟಗಾರರ ಸಂಘ ತನ್ನ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಕಡಿಮೆ ತೋರಿಸಿತು. ಅದೂ ದೊಡ್ಡ ಮೊತ್ತವೇ, ಆ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡದು. ಆದರೆ 700 ಅಲ್ಲ.

ಇದು ಗೊತ್ತಾದ ಮೇಲೆ ಸುದ್ದಿಯವರು ಸರಿಯಾಗಬೇಕಿತ್ತು. ಆಗಲಿಲ್ಲ, ಆ ಕಡೆ ತಪ್ಪಿದವರು ಈ ಕಡೆ ತಪ್ಪಿದರು. "ಬರೀ 2 ಮಿಲಿಯನ್‌ಗೆ ಓಟಾನಿ!" ಅಂದರು. ಡಾಡ್ಜರ್ಸ್ ಮೋಸ ಮಾಡುತ್ತಿದೆ, ತೆರಿಗೆ ತಪ್ಪಿಸಿಕೊಳ್ಳುತ್ತಿದೆ ಅಂದರು. ಈ ಆಟದಲ್ಲಿ ಸಂಬಳಕ್ಕೆ ಮೇಲ್ಮಿತಿ ಇಲ್ಲ. ಆದರೆ ಟೀಮಿನ ಒಟ್ಟು ಸಂಬಳ ಒಂದು ಗೆರೆ ದಾಟಿದರೆ ಕ್ಲಬ್ ದಂಡದಂಥ ತೆರಿಗೆ ಕಟ್ಟಬೇಕು. 2024ರಲ್ಲಿ ಆ ಗೆರೆ 237 ಮಿಲಿಯನ್. ಆ ಲೆಕ್ಕದಲ್ಲಿ ಓಟಾನಿಯ ಹೆಸರಿನ ಮುಂದೆ ಹಿಡಿಯುವುದು 2 ಅಲ್ಲ, 46. ಆಮೇಲೆ ಕೊಡುವ ದುಡ್ಡನ್ನು ಕ್ಲಬ್ ಮರೆತು ಕೂರುವ ಹಾಗೂ ಇಲ್ಲ. ಅದರ ಇವತ್ತಿನ ಬೆಲೆಯಷ್ಟನ್ನು ಎರಡು ವರ್ಷದೊಳಗೆ ಬೇರೆ ತೆಗೆದಿಡಬೇಕು ಅಂತ ನಿಯಮವಿದೆ. ಒಂದು ವಾರ 700, ಮುಂದಿನ ವಾರ 2. ನಡುವೆ ಇದ್ದ 46 ಮಾತ್ರ ತಲೆಬರಹಕ್ಕೆ ಬರಲಿಲ್ಲ.

ಮರುವರ್ಷ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೋ ನ್ಯೂಯಾರ್ಕ್ ಮೆಟ್ಸ್ ಸೇರಿದ. 15 ವರ್ಷ, 765 ಮಿಲಿಯನ್. ನಮ್ಮದು ಮೆಟ್ಸ್ ಮನೆ, ಆದ್ದರಿಂದ ಅವತ್ತು ಮಗ ಮತ್ತೆ ಮೆಟ್ಟಿಲಿಳಿದು ಓಡಿಬಂದ. ಪತ್ರಿಕೆಗಳು ಬರೆದವು: ಓಟಾನಿಗಿಂತ 65 ಮಿಲಿಯನ್ ಜಾಸ್ತಿ. ಈ ಸಲ ಮಗನೇ "ದುಡ್ಡು ಯಾವಾಗ ಬರತ್ತೆ" ಅಂತ ಹುಡುಕಿದ. ಸೋಟೋದು ಒಂದು ಡಾಲರ್ ಕೂಡ ಆಮೇಲಕ್ಕೆ ಉಳಿಸಿದ್ದಲ್ಲ. ಸಹಿ ಹಾಕಿದ್ದಕ್ಕೇ 75 ಮಿಲಿಯನ್ ಬೋನಸ್. ಇಬ್ಬರೂ ಕೂತು ಎಕ್ಸೆಲ್‌ನಲ್ಲಿ ಹಾಕಿದೆವು. ಅದೇ 4.43ರ ದರದಲ್ಲಿ ಎರಡೂ ಒಪ್ಪಂದದ ಪ್ರತಿ ವರ್ಷದ ದುಡ್ಡನ್ನು ಸಹಿ ಹಾಕಿದ ದಿನಕ್ಕೆ ಇಳಿಸಿದೆವು. ಸೋಟೋದು 550 ದಾಟಿತು. ಓಟಾನಿಯದು 365ರ ಸುತ್ತಮುತ್ತ ನಿಂತಿತು (ಮೊದಲು ಹೇಳಿದ 460 ಆಯಾ ವರ್ಷದ ಬೆಲೆ ಕೂಡಿಸಿದ್ದು, ಇದು ಎಲ್ಲವನ್ನೂ ಸಹಿಯ ದಿನಕ್ಕೆ ಇಳಿಸಿದ್ದು). ವ್ಯತ್ಯಾಸ 65 ಅಲ್ಲ, ಹತ್ತಿರ ಹತ್ತಿರ 200 ಮಿಲಿಯನ್.

ಹಾಗಾದರೆ ಸೋಟೋ ಓಟಾನಿಗಿಂತ ಅಷ್ಟು ದೊಡ್ಡ ಆಟಗಾರನಾ? ಅದು ಬೇರೆ ಮಾತು. ಸೋಟೋಗೆ ಆಗ 26 ವರ್ಷ, ಓಟಾನಿಗೆ ಸಹಿ ಹಾಕುವಾಗ 29 ಮತ್ತು ಮೊಣಕೈ ಆಪರೇಷನ್ ಆಗಿತ್ತು. ಮುಂದಿನ ವರ್ಷವೇ ಓಟಾನಿ 54 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರ) ಹೊಡೆದು, 59 ಬೇಸ್ ಕದ್ದು (ಚೆಂಡು ಹೊಡೆಯುವ ಮೊದಲೇ ಮುಂದಿನ ಬೇಸಿಗೆ ಓಡಿ), ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದ. ನಾನು ಹೇಳುತ್ತಿರುವುದು ಇಷ್ಟೇ. ಇಬ್ಬರನ್ನು ಹೋಲಿಸಬೇಕಾದರೆ ಒಂದೇ ಸೇರಿನಲ್ಲಿ ಅಳೆಯಬೇಕು ಅಲ್ವಾ?

ನಮ್ಮ ಊರಿನವರಿಗೆ ಇದು ಇನ್ನೊಂದು ಕಾರಣಕ್ಕೂ ಗೊಂದಲ. ಐಪಿಎಲ್ ಹರಾಜಿನಲ್ಲಿ ಕೂಗುವ ಮೊತ್ತ ಒಂದು ಸೀಸನ್ನಿನದು. 2024ರ ನವೆಂಬರ್‌ನಲ್ಲಿ ರಿಷಭ್ ಪಂತ್‌ಗೆ 27 ಕೋಟಿ ಅಂದರೆ ವರ್ಷಕ್ಕೆ 27 ಕೋಟಿ. ಆ ಕಿವಿಯಲ್ಲೇ 700 ಮಿಲಿಯನ್ ಕೇಳಿದರೆ ತಲೆ ತಿರುಗದೇ ಇರುತ್ತದಾ?

ಸುದ್ದಿಯವರು ಯಾಕೆ ಹೀಗೆ ಬರೆಯುತ್ತಾರೆ? ನನಗನ್ನಿಸುವುದು, ಅಂಕಿ ಅವರಿಗೆ ಬರುವ ದಾರಿಯೇ ಹಾಗಿದೆ. ಒಪ್ಪಂದದ ಸುದ್ದಿ ಮೊದಲು ಹೊರಬರುವುದು ಹೆಚ್ಚಾಗಿ ಏಜೆಂಟರ ಕಡೆಯಿಂದ. ಏಜೆಂಟಿಗೆ ದೊಡ್ಡ ಮೊತ್ತ ಬೇಕು, ಅದನ್ನು ತೋರಿಸಿ ನಾಳೆ ಇನ್ನೊಬ್ಬ ಹುಡುಗನನ್ನು ತನ್ನ ಕಡೆ ಕರೆಯಬೇಕು. ವರದಿಗಾರನಿಗೆ ಬೇರೆಯವರಿಗಿಂತ ಎರಡು ನಿಮಿಷ ಮೊದಲು ಹಾಕುವ ಆತುರ. ಯಾವ ವರ್ಷ ಎಷ್ಟು, ಯಾರ ಕೈಯಲ್ಲಿ ಯಾವ ಹಕ್ಕು ಎಂಬ ವಿವರ ಬರುವ ಹೊತ್ತಿಗೆ ಓದುಗರ ಮನಸ್ಸಿನಲ್ಲಿ ಮೊದಲ ಅಂಕಿ ಕೂತುಬಿಟ್ಟಿರುತ್ತದೆ. ಆಮೇಲೆ ಮುಂದಿನ ಹತ್ತು ವರ್ಷ ಆ ಆಟಗಾರ ಔಟಾದಾಗಲೆಲ್ಲ ಅದೇ ಅಂಕಿಯನ್ನು ಅವನ ಮುಖಕ್ಕೆ ಹಿಡಿಯುತ್ತಾರೆ.

ಬ್ರೈಸ್ ಹಾರ್ಪರ್‌ಗೆ ಹಾಗೇ ಮಾಡಿದರು. 2019ರಲ್ಲಿ ಫಿಲಡೆಲ್ಫಿಯಾ ಅವನಿಗೆ 13 ವರ್ಷಕ್ಕೆ 330 ಮಿಲಿಯನ್ ಕೊಟ್ಟಾಗ, 38 ವರ್ಷದ ಆಟಗಾರನಿಗೆ ಯಾರಾದರೂ 22 ಮಿಲಿಯನ್ ಕೊಡುತ್ತಾರಾ ಅಂತ ಎಷ್ಟು ಜನ ಕೇಳಿದರು! 38ರ ಹಾರ್ಪರ್‌ಗೆ ಅಂತ ಅದನ್ನು ಯಾರೂ ಕೊಡುತ್ತಿಲ್ಲ. ಮೊದಲ ಏಳೆಂಟು ವರ್ಷದ ಆಟದ ಬೆಲೆಯನ್ನೇ 13 ಕಂತು ಮಾಡಿದ್ದಾರೆ. ಹಾಗೆ ಹಂಚಿದರೆ ವರ್ಷದ ಸರಾಸರಿ ಇಳಿಯುತ್ತದೆ, ತೆರಿಗೆಯ ಗೆರೆಯ ಕೆಳಗೆ ಇನ್ನಿಬ್ಬರನ್ನು ತರಲು ಜಾಗ ಸಿಗುತ್ತದೆ. ಮನೆ ಸಾಲದ ಕೊನೆಯ ಕಂತು ಕಟ್ಟುವಾಗ ಗೋಡೆಯ ಬಣ್ಣ ಮಾಸಿರುತ್ತದೆ. ಹಾಗಂತ ಮಾಸಿದ ಬಣ್ಣಕ್ಕೆ ಕಂತು ಕಟ್ಟಿದೆವು ಅನ್ನುತ್ತೇವಾ? ಹಾರ್ಪರ್ 2021ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಾದ. 2022ರಲ್ಲಿ ಟೀಮನ್ನು ವರ್ಲ್ಡ್ ಸೀರೀಸ್‌ಗೆ ಕರೆದುಕೊಂಡು ಹೋದ. ವರ್ಷಕ್ಕೆ ಸರಾಸರಿ 25 ಮಿಲಿಯನ್ ಚಿಲ್ಲರೆಗೆ.

ಒಪ್ಪಂದದ ಮಧ್ಯೆ ಆಟಗಾರ ತಾನಾಗಿ ಬಿಟ್ಟುಹೋಗುವ ಹಕ್ಕಿಗೂ ಬೆಲೆ ಇದೆ. ಚೆನ್ನಾಗಿ ಆಡಿದರೆ ಹೊರಬಂದು ಇನ್ನೂ ಜಾಸ್ತಿ ಕೇಳಬಹುದು, ಆಡದಿದ್ದರೆ ಹಳೆಯದರಲ್ಲೇ ಉಳಿಯಬಹುದು. ಅಲೆಕ್ಸ್ ರಾಡ್ರಿಗಸ್ 252 ಮಿಲಿಯನ್ನಿನ ಒಪ್ಪಂದದಿಂದ 2007ರಲ್ಲಿ ಹಾಗೆ ಹೊರಬಂದು ಯಾಂಕೀಸ್‌ನಿಂದಲೇ 275 ಮಿಲಿಯನ್ ಪಡೆದ. ಅಂಥ ಹಕ್ಕು 252 ಎಂಬ ಅಂಕಿಯೊಳಗೆ ಎಲ್ಲಿಯೂ ಕಾಣುವುದಿಲ್ಲ.

ರಾಡ್ರಿಗಸ್ ಹೆಸರು ಬಂದಾಗ ಇನ್ನೊಂದು ನೆನಪಾಗುತ್ತದೆ. 2010ರಲ್ಲಿ ಟೆಕ್ಸಸ್ ರೇಂಜರ್ಸ್ ಕ್ಲಬ್ ದಿವಾಳಿ ಅರ್ಜಿ ಹಾಕಿತು. ಸಾಲಕ್ಕೆ ಅಡವಿಲ್ಲದೆ ಬಾಕಿ ಬರಬೇಕಿದ್ದವರ ಪಟ್ಟಿಯಲ್ಲಿ ಮೊದಲ ಹೆಸರೇ ಅವನದು, 24.9 ಮಿಲಿಯನ್. ಆ 252ರ ಒಪ್ಪಂದ ಮೊದಲು ಮಾಡಿದ್ದು ಇದೇ ಕ್ಲಬ್. ಅವನು ಆ ಟೀಮು ಬಿಟ್ಟು ಯಾಂಕೀಸ್‌ಗೆ ಹೋಗಿ ಆರು ವರ್ಷವಾಗಿತ್ತು. ಆಮೇಲೆ ಕೊಡುತ್ತೇವೆ ಅಂದ ದುಡ್ಡು ಹೀಗೂ ಆಗಬಹುದು. ನಮ್ಮ ಬೀದಿಯಲ್ಲಿ ಒಂದು ಸಲ ಚೀಟಿ ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋದರು. ಬೆಳಗ್ಗೆ ಅಮ್ಮ ಹೋಗಿ ನೋಡಿದರೆ ಬಾಗಿಲಿಗೆ ಬೀಗ, ತುಳಸಿ ಕಟ್ಟೆ ಮುಂದೆ ಹಿಂದಿನ ದಿನದ ರಂಗೋಲಿ. ಹದಿನಾಲ್ಕು ಕಂತು ಕಟ್ಟಿದ್ದಳು. ಅಪ್ಪನಿಗೆ ಹೇಳಲು ಅವಳಿಗೆ ಎರಡು ದಿನ ಬೇಕಾಯಿತು. ಡೈರಿಯಲ್ಲಿ ಆ ತಿಂಗಳ ಎದುರಿಗೆ ಮೊದಲ ಅಂಕಿ ಇದೆ, ಎರಡನೆಯದು ಇಲ್ಲ. ಅವಳು "ಯಾವಾಗ" ಅಂತ ಕೇಳುವುದು ಬಡ್ಡಿಯ ಆಸೆಗೆ ಮಾತ್ರ ಅಲ್ಲ.

ಇಷ್ಟೆಲ್ಲ ಹೇಳಿದರೂ ನನ್ನ ನಿಜವಾದ ಸಿಟ್ಟು ಇನ್ನೊಂದು ಕಡೆ ಇದೆ. ಒಪ್ಪಂದದ ಬೆಲೆ ಅಳೆಯುವವರು ಅದಕ್ಕೆ ಮೊದಲು ಏನಾಗಿತ್ತು ಅಂತ ನೋಡುವುದೇ ಇಲ್ಲ.

ಮೇಜರ್ ಲೀಗ್‌ಗೆ ಬಂದ ಹುಡುಗ ಆರು ವರ್ಷ ಅದೇ ಕ್ಲಬ್ಬಿನ ಸ್ವತ್ತು. ಹೆಚ್ಚಿನವರಿಗೆ ಮೊದಲ ಮೂರು ವರ್ಷ ಕ್ಲಬ್ ಕೊಟ್ಟಷ್ಟೇ ಸಂಬಳ, ಅದು ಕನಿಷ್ಠ ಸಂಬಳಕ್ಕಿಂತ ಸ್ವಲ್ಪ ಮೇಲೆ. ಆಮೇಲಿನ ಮೂರು ವರ್ಷ ಪಂಚಾಯಿತಿಗೆ ಹೋಗಿ ಇನ್ನೂ ಸ್ವಲ್ಪ ಕೇಳಬಹುದು. ಬೇರೆ ಟೀಮುಗಳು ಅವನನ್ನು ಕೂಗುವುದು ಆರು ವರ್ಷ ಮುಗಿದ ಮೇಲೆ. ಅಷ್ಟರಲ್ಲಿ ಎಷ್ಟೋ ಜನರ ಒಳ್ಳೆಯ ವಯಸ್ಸು ಕಳೆದಿರುತ್ತದೆ.

2012ರ ಏಂಜೆಲ್ಸ್ ಟೀಮು ನೆನಪಿದೆಯಾ? ಆಲ್ಬರ್ಟ್ ಪುಹೋಲ್ಸ್ ಆಗ ತಾನೇ 240 ಮಿಲಿಯನ್ನಿನ ಒಪ್ಪಂದಕ್ಕೆ ಬಂದಿದ್ದ. ಆ ವರ್ಷ ಅವನಿಗೆ 12 ಮಿಲಿಯನ್. ಅದೇ ಟೀಮಿನಲ್ಲಿ ಮೈಕ್ ಟ್ರೌಟ್ ಎಂಬ ಹುಡುಗ, ಸೀಸನ್ ಮುಗಿಯುವ ಹೊತ್ತಿಗೆ ಇಪ್ಪತ್ತೊಂದು ವರ್ಷ, ಸಂಬಳ ಅರ್ಧ ಮಿಲಿಯನ್‌ಗಿಂತ ಕಡಿಮೆ. ಪುಹೋಲ್ಸ್ 30 ಹೋಮ್ ರನ್ ಹೊಡೆದ. ಟ್ರೌಟ್ ಕೂಡ 30 ಹೊಡೆದ, ಅದರ ಮೇಲೆ 49 ಬೇಸ್ ಕದ್ದ, ಸೆಂಟರ್ ಫೀಲ್ಡಿನಲ್ಲಿ ಗೋಡೆ ಹತ್ತಿ ಚೆಂಡು ಹಿಡಿದ. ಆಟಗಾರ ತಂದುಕೊಡುವ ಗೆಲುವಿನ ಲೆಕ್ಕದಲ್ಲಿ ಆ ವರ್ಷ ಅವನದು ಸುಮಾರು ಹತ್ತು. ಒಂದು ಗೆಲುವಿಗೆ 5 ಮಿಲಿಯನ್ ಎಂದಿಟ್ಟುಕೊಂಡರೂ 50 ಮಿಲಿಯನ್ನಿನ ಆಟ. ಮರುವರ್ಷ ಕ್ಲಬ್ ಅವನಿಗೆ ಗೊತ್ತು ಮಾಡಿದ್ದು 5,10,000 ಡಾಲರ್. ಕನಿಷ್ಠ ಸಂಬಳ 4,90,000. ಹಣದ ವಿಚಾರ ಬಂದಾಗ ಪುಹೋಲ್ಸ್‌ನ ಒಪ್ಪಂದ ಹೊರೆಯೋ ಅಲ್ಲವೋ ಅಂತ ವರ್ಷಗಟ್ಟಲೆ ಪುಟ ತುಂಬಿಸಿದರು. ಟ್ರೌಟ್‌ನ ಒಪ್ಪಂದ ಅನ್ಯಾಯ ಅಂತ ಬರೆದವರು ಇದ್ದರು, ಆದರೆ ತುಂಬಾ ಕಡಿಮೆ.

ಅದಕ್ಕಿಂತ ನನಗೆ ಹೊಟ್ಟೆ ಉರಿಸುವುದು ಕ್ರಿಸ್ ಬ್ರಯಂಟ್‌ನ ಕಥೆ. 2015ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಅವನು 9 ಹೋಮ್ ರನ್ ಹೊಡೆದ, ಎಲ್ಲರಿಗಿಂತ ಹೆಚ್ಚು. ಆದರೂ ಸೀಸನ್ ಶುರುವಾದಾಗ ಶಿಕಾಗೋ ಕಬ್ಸ್ ಅವನನ್ನು ಕೆಳಗಿನ ಲೀಗ್‌ಗೆ ಕಳಿಸಿತು. ಫೀಲ್ಡಿಂಗ್ ಇನ್ನೂ ಸರಿಯಾಗಬೇಕು ಅಂದರು. ಏಪ್ರಿಲ್ 17ಕ್ಕೆ ಕರೆಸಿಕೊಂಡರು. ಲೀಗಿನ ಲೆಕ್ಕದಲ್ಲಿ 172 ದಿನ ಟೀಮಿನಲ್ಲಿದ್ದರೆ ಒಂದು ಪೂರ್ತಿ ವರ್ಷ. ಸೀಸನ್ ಮುಗಿದಾಗ ಬ್ರಯಂಟ್‌ಗೆ ಆಗಿದ್ದು 171.

ಒಂದು ದಿನ. ಆ ಒಂದು ದಿನ ಕಡಿಮೆಯಾಗಿದ್ದಕ್ಕೆ ಅದು ಪೂರ್ತಿ ವರ್ಷ ಅನ್ನಿಸಿಕೊಳ್ಳಲಿಲ್ಲ, ಬೇರೆ ಟೀಮುಗಳು ಅವನನ್ನು ಕೂಗುವ ದಿನ ಒಂದು ವರ್ಷ ಮುಂದಕ್ಕೆ ಹೋಯಿತು. ಆ ವರ್ಷ ಅವನು ಹೊಸಬರಲ್ಲಿ ಅತ್ಯುತ್ತಮ. ಮರುವರ್ಷ ಲೀಗಿನಲ್ಲೇ ಅತ್ಯುತ್ತಮ, 39 ಹೋಮ್ ರನ್. 108 ವರ್ಷ ಕಾದ ಊರಿಗೆ ವರ್ಲ್ಡ್ ಸೀರೀಸ್ ಬಂತು. 2016ರ ಆ ಕೊನೆಯ ಚೆಂಡನ್ನು ಎತ್ತಿಕೊಂಡು, ಜಾರುತ್ತಾ ಜಾರುತ್ತಾ ನಗುತ್ತಲೇ ಫಸ್ಟ್ ಬೇಸಿಗೆ ಎಸೆದವನು ಅವನೇ. ಆ ವರ್ಷದ ಸಂಬಳ 6,52,000 ಡಾಲರ್. ಒಂದು ದಿನದ ವಿಷಯಕ್ಕೆ ದೂರು ಕೊಟ್ಟಿದ್ದ. ತೀರ್ಪು ಬಂದದ್ದು 2020ರಲ್ಲಿ, ಅವನ ವಿರುದ್ಧ.

ಕೊನೆಗೆ 2022ರಲ್ಲಿ, 30 ವರ್ಷಕ್ಕೆ, ಕೊಲರಾಡೋ ರಾಕೀಸ್ ಅವನಿಗೆ 7 ವರ್ಷಕ್ಕೆ 182 ಮಿಲಿಯನ್ ಕೊಟ್ಟಿತು. ಆಮೇಲೆ ಬೆನ್ನು ಕೈಕೊಟ್ಟಿತು. ಈಗ ಆಟದ ಅತಿ ಕೆಟ್ಟ ಒಪ್ಪಂದಗಳು ಅಂತ ಯಾರು ಪಟ್ಟಿ ಮಾಡಿದರೂ ಅದರಲ್ಲಿ ಬ್ರಯಂಟ್ ಇರುತ್ತಾನೆ. ಕುಳಿತಲ್ಲೇ ಸಂಬಳ ತಿನ್ನುವವನು ಅನ್ನುವ ಹಾಗೆ ಬರೆಯುತ್ತಾರೆ. ರಾಕೀಸ್‌ಗೆ ನಷ್ಟವಾಗಿದೆ, ಅದು ಸುಳ್ಳಲ್ಲ. ಆದರೆ ಒಬ್ಬ ಆಟಗಾರನ ಜೀವನದ ಖಾತೆ ತೆಗೆದರೆ ಎರಡು ಪುಟ ಇರುತ್ತವೆ. 2015, 2016ರಲ್ಲಿ ಅವನ ಆಟದಿಂದ ಕಬ್ಸ್‌ಗೆ ಉಳಿದ ದುಡ್ಡಿನ ಪುಟವನ್ನು ಹರಿದು ಹಾಕಿ, ರಾಕೀಸ್ ಪುಟವನ್ನು ಮಾತ್ರ ಜೋರಾಗಿ ಓದುವುದು ಲೆಕ್ಕ ಅಲ್ಲ. ನನ್ನ ಮಟ್ಟಿಗೆ ಅದು ಅನ್ಯಾಯ.

ಈಗಲೂ ಅದೇ ನಡೆಯುತ್ತಿದೆ. ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ 2025ರಲ್ಲಿ ನ್ಯಾಷನಲ್ ಲೀಗಿನ ಅತ್ಯುತ್ತಮ ಪಿಚರ್ ಆದ. ಸಂಬಳ 8,75,000 ಡಾಲರ್. ಪಂಚಾಯಿತಿಗೆ ಹೋಗುವ ಹಕ್ಕು ಇನ್ನೂ ಬಾರದವರಿಗೆ ಅಂತ ಲೀಗ್ ಈಚೆಗೆ ಒಂದು ಬೋನಸ್ ನಿಧಿ ಮಾಡಿದೆ, ಅದರಿಂದ ಅವನಿಗೆ ಒಂದಿಷ್ಟು ಬಂತು. ಸ್ವಲ್ಪ ಸಮಾಧಾನ. ಆದರೂ ಅವನು ಹೊರಗೆ ಬಂದು ದೊಡ್ಡ ಒಪ್ಪಂದ ಮಾಡುವ ದಿನ ಬರುತ್ತದಲ್ಲ, ಅವತ್ತಿನ ತಲೆಬರಹದಲ್ಲಿ ಈ 8,75,000 ಇರುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಪ್ರತಿ ಜುಲೈ 1ಕ್ಕೆ ಆಫೀಸಿನ ಗ್ರೂಪಿನಲ್ಲಿ ಯಾರಾದರೂ ಒಬ್ಬರು ಮೆಟ್ಸ್‌ನ ಹಳೆಯ ಆಟಗಾರ ಬಾಬಿ ಬೊನಿಯಾ ಫೋಟೋ ಹಾಕುತ್ತಾರೆ. ಮೆಟ್ಸ್‌ನವರು 2000ರಲ್ಲಿ ಅವನಿಗೆ ಕೊಡಬೇಕಿದ್ದ 5.9 ಮಿಲಿಯನ್ ಆಗ ಕೊಡದೆ, 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ 11,93,248 ಡಾಲರ್ ಕೊಡುತ್ತೇವೆ ಅಂದರು. ಒಟ್ಟು 29.8 ಮಿಲಿಯನ್. ಟಿವಿಯವರಿಗೆ ಅವತ್ತು ಹಬ್ಬ. ಆಡುವುದು ಬಿಟ್ಟು ಇಷ್ಟು ವರ್ಷವಾದರೂ ಸಂಬಳ, ಪ್ರಪಂಚದ ದಡ್ಡ ಒಪ್ಪಂದ ಅಂತ ನಗುತ್ತಾರೆ.

ಹೋದ ಸಲ ಆ ಫೋಟೋ ಬಂದಾಗ ಮಗ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಮಾಡಿದ. ಒಪ್ಪಂದದಲ್ಲಿ ಬಡ್ಡಿ ಶೇ. 8. 5.9ನ್ನು 1.08ರಿಂದ ಹತ್ತು ಸಲ ಗುಣಿಸಿದ. 12.7 ಬಂತು. ಆ 12.7ನ್ನು ಅದೇ ಬಡ್ಡಿಯಲ್ಲಿ 25 ಕಂತು ಮಾಡಿದರೆ ಕಂತಿಗೆ ಸರಿಯಾಗಿ 11.9 ಲಕ್ಷ. ಒಂದು ಪೈಸೆ ಧರ್ಮವಿಲ್ಲ, ಸಾಲ ಮತ್ತು ಬಡ್ಡಿ, ಅಷ್ಟೇ. 2000ದಲ್ಲಿ ಈ ದೇಶದಲ್ಲಿ ಮನೆ ಸಾಲವೂ ಸುಮಾರು ಅದೇ ದರದಲ್ಲಿ ಸಿಗುತ್ತಿತ್ತು. ಮೆಟ್ಸ್ ಓನರುಗಳು ತಮ್ಮ ದುಡ್ಡನ್ನು ಬರ್ನಿ ಮೇಡಾಫ್ ಎಂಬ, ಬೇರೆಯವರ ದುಡ್ಡು ಹೂಡಿಕೆ ಮಾಡುವವನ ಹತ್ತಿರ ಇಟ್ಟಿದ್ದರು, ಅಲ್ಲಿ 8ಕ್ಕಿಂತ ಜಾಸ್ತಿ ಬರುತ್ತದೆ ಅಂದುಕೊಂಡಿದ್ದರು. 2008ರಲ್ಲಿ ಅದು ಮೋಸ ಅಂತ ಗೊತ್ತಾಯಿತು. ಅದರಲ್ಲಿ ಬೊನಿಯಾ ತಪ್ಪೇನು?

ಭಾನುವಾರ ತುಮಕೂರಿಗೆ ವಿಡಿಯೋ ಕಾಲ್ ಮಾಡಿದಾಗ ಮಗ ಆ ಬಿಲ್ಲನ್ನು ಕ್ಯಾಮೆರಾ ಮುಂದೆ ಹಿಡಿದು ಅಜ್ಜಿಗೆ ಎಲ್ಲ ವಿವರಿಸಿದ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

"ಆ ಓನರುಗಳು ಇನ್ನೂ ಇದಾರಾ?"

"ಇಲ್ಲ ಅಜ್ಜಿ. 2020ರಲ್ಲೇ ಟೀಮು ಮಾರಿಬಿಟ್ರು."

"ಮತ್ತೆ ದುಡ್ಡು?"

"ಹೊಸ ಓನರ್ ಕೊಡ್ತಾ ಇದಾರೆ. ಒಂದು ವರ್ಷವೂ ತಪ್ಪಿಲ್ಲ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇನ್ನೂ ಎಷ್ಟು ಕಂತು ಬಾಕಿ ಇದೆ, ಎಣಿಸಿ ಹೇಳು ಪುಟ್ಟ" ಅಂದಳು.